ಗಾಡಿಗೊಂದು ಕುಂಚಿಗಿ

ದೇವರ ಹಿಪ್ಪರಗಿಯ ಬಸ್ ನಿಲ್ದಾಣದ ಎದುರು ಗಾಡಿ ನಿಲ್ಲಿಸಿದೆ. ಅವ್ವ ಇಳಿದಳು, ಹೆಲ್ಮೆಟ್ ತೆಗೆದಳು, ಅದನ್ನು ಸೀಟಿನ ಮೇಲೆ ಕುಕ್ಕಿದಳು. ಆಮೇಲೆ ಬಲಗಿವಿಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡು ನಿಂತಳು.

"ನನ್ನ ಬಲಗಿವ್ಯಾಗ ಹಿಟ್ಟಿನ ಗಿರಣಿ ಕುಂತೈತಿ. ಇನ್ನ ನಾ ಮುಂದ ಬರಾಂಗಿಲ್ಲ."

"ಇನ್ನ ಅರ್ಧ ದಾರಿ ಅಷ್ಟ ಐತಿ ಯವ್ವಾ."

"ಅರ್ಧ ದಾರಿ ನಿನಗ ಐತಿ. ನನಗ ಮುಗದೈತಿ."

ಎಳ್ಳ ಅಮವಾಸ್ಯೆ ಮುಗಿದ ವಾರ ಅದು. ಮೂಡಗಾಳಿ ಜೋರಾಗಿತ್ತು. ರಸ್ತೆಯ ಎರಡೂ ಬದಿ ಬಿಳಿಜೋಳ ತೆನೆ ಹಿರಿದು ನಿಂತಿತ್ತು. ಚಹಾ ಕುಡಿದು, ಗಾಡಿ ಹೊಳ್ಳಿಸಿಕೊಂಡು, ಎತ್ತಿನ ಗಾಡಿಯ ವೇಗದಲ್ಲಿ ಇಂಡಿಗೆ ಮರಳಿದೆವು. ದಾರಿಯಲ್ಲಿ ನಾನು ಏನೋ ಕೇಳಿದೆ, ಅವಳಿಗೆ ಕೇಳಿಸಲಿಲ್ಲ. ಅವಳು ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಮನೆಗೆ ಬಂದು ದಿನಚರಿಯಲ್ಲಿ ಬರೆದೆ: ಹೊರಟದ್ದು ಮುದ್ದೇಬಿಹಾಳಕ್ಕೆ, ತಲುಪಿದ್ದು ದೇವರ ಹಿಪ್ಪರಗಿಗೆ. ಗಾಳಿ ಪೂರ್ವದಿಂದ. ಅವ್ವ ಊಟ ಮಾಡಲಿಲ್ಲ.

ಕಿಟಕಿ ಇರುವ ಯಾವ ವಾಹನವೂ ಅವ್ವನಿಗೆ ಆಗುವುದಿಲ್ಲ. ಬಸ್ಸು, ಕಾರು, ಟಂಟಂ, ಯಾವುದೇ ಇರಲಿ, ಊರು ದಾಟುವುದರೊಳಗೆ ಹೊಟ್ಟೆ ತೊಳಸುತ್ತದೆ. ಹಿಂದೆ ಒಮ್ಮೆ ಬಸ್ಸಿನಲ್ಲಿ ಮುದ್ದೇಬಿಹಾಳಕ್ಕೆ ಹೋದಾಗ ದಾರಿಯುದ್ದಕ್ಕೂ ನಮ್ಮ ತೋಟದ ನಿಂಬೆಹಣ್ಣು ಮೂಸುತ್ತ ಕೂತಿದ್ದಳಂತೆ. ಈಗ ನಿಂಬೆಹಣ್ಣು ಕಂಡರೂ ಬಸ್ಸು ನೆನಪಾಗುತ್ತದೆ ಎನ್ನುತ್ತಾಳೆ. ನಿಂಬೆ ಬೆಳೆಯುವವರ ಮನೆಯಲ್ಲಿ ಇದು ಸಣ್ಣ ಕಷ್ಟವಲ್ಲ.

ಮುದ್ದೇಬಿಹಾಳದಲ್ಲಿರುವವಳು ನನ್ನ ಅಕ್ಕ, ಅಂದು ನಾವು ಹೊರಟದ್ದು ದಿನ ತುಂಬಿದ ಅವಳನ್ನು ನೋಡಲು. ಅವಳ ಮೊದಲ ಹೆರಿಗೆ ನಮ್ಮ ಮನೆಯಲ್ಲೇ ಆಯಿತು. ಎರಡನೆಯದು ಗಂಡನ ಮನೆಯಲ್ಲೇ ಆಗಲಿ ಎಂದು ಹಿರಿಯರು ಮಾತಾಡಿಕೊಂಡಿದ್ದರು. ನಾವು ದೇವರ ಹಿಪ್ಪರಗಿಯಿಂದ ವಾಪಸಾದ ಕೆಲವೇ ದಿನಗಳಲ್ಲಿ ಅಲ್ಲಿ ಹೆಣ್ಣುಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ಕಾರ್ಯ ತಿಂಗಳು ತುಂಬಿದ ಮೇಲೆ ಎಂದು ಗೊತ್ತಾಯಿತು.

ನಮ್ಮ ಕಡೆ ಆ ದಿನ ಕೂಸಿಗೆ ಕುಂಚಿಗಿ ಹಾಕುತ್ತಾರೆ. ಕುಂಚಿಗಿ ಎಂದರೆ ಖಣದ ಬಟ್ಟೆಯಲ್ಲಿ ಹೊಲಿದ ಟೊಪ್ಪಿಗೆ. ಬರೀ ಟೊಪ್ಪಿಗೆಯಲ್ಲ, ಅದರ ಹಿಂದೆ ಬೆನ್ನು ಮುಚ್ಚುವಷ್ಟು ಉದ್ದದ ಸೆರಗು ಇಳಿಬಿದ್ದಿರುತ್ತದೆ, ತುದಿಗೆ ಗೊಂಡೆ. ಕೂಸಿನ ಕಿವಿಗೆ, ಕುತ್ತಿಗೆಗೆ ಗಾಳಿ ತಾಗಬಾರದೆಂದು ಮಾಡಿದ್ದು. ಅದು ತವರಿನಿಂದಲೇ ಬರಬೇಕು, ಅಜ್ಜಿಯೇ ಹಾಕಬೇಕು. ಅವ್ವ ಅದನ್ನು ಹೊಲಿದು ಮುಗಿಸಿದ್ದಳು. ಕೆಂಪು ರೇಷ್ಮೆ ದಾರದ ಗೊಂಡೆಗಳು ಮಾತ್ರ ಬಾಕಿ ಇದ್ದವು.

ಅಕ್ಕ ಫೋನಿನಲ್ಲಿ ಖಡಕ್ಕಾಗಿ ಹೇಳಿದಳು: "ಕುಂಚಿಗಿ ಯಾರ ಕೈಯಾಗರ ಕೊಟ್ಟು ಕಳಸಬ್ಯಾಡ್ರಿ. ಅವ್ವ ಬಂದ್ರ ಹಾಕೂದು. ಬರಲಿಲ್ಲಂದ್ರ ನನ್ನ ಕೂಸು ಬರೇ ತಲೀಲೇ ಇರ್ತೈತಿ."

ಅವ್ವ ಫೋನು ಇಟ್ಟು, "ಬಾಣಂತಿ ಹಂಗ ಅಂತಾಳ, ಮನಸ್ಸಿಗೆ ಹಚ್ಚಿಕೋಬಾರದು" ಎಂದಳು. ಹಚ್ಚಿಕೊಂಡವಳು ಅವಳೇ. ಆ ದಿನ ಎರಡು ಸಲ ಸಾರಿಗೆ ಉಪ್ಪು ಹಾಕಿದಳು.

ನನ್ನ ಕೆಲಸ ಮೋಜಣಿ. ಹೊಲದ ಹದ್ದು ಅಳೆದು ನಕಾಶೆ ಮಾಡುವ, ಪರವಾನಗಿ ಪಡೆದ ಭೂಮಾಪಕಿ ನಾನು. ಇಂದು ಸಿಂದಗಿ, ನಾಳೆ ಬಸವನ ಬಾಗೇವಾಡಿ ಎಂದು ವಾರವಿಡೀ ನೂರೈವತ್ತು ಸಿಸಿಯ ಗಾಡಿಯ ಮೇಲೆಯೇ ಇರುತ್ತೇನೆ. ಗಾಳಿಯ ಹೊಡೆತ ನನಗೆ ಹೊಸದಲ್ಲ. ಎದೆಗೆ ಬಡಿಯುತ್ತದೆ, ಭುಜ ಬಿಗಿಯುತ್ತದೆ, ಸಂಜೆ ಮನೆಗೆ ಬಂದರೂ ತಲೆಯೊಳಗೆ ಇನ್ನೂ ರಸ್ತೆ ಓಡುತ್ತಿರುತ್ತದೆ. ಇದು ಹಿಂಗೇ ಎಂದು ಸಹಿಸಿಕೊಂಡಿದ್ದೆ. ಅವ್ವ ಸಹಿಸಿಕೊಳ್ಳದೆ ಇದ್ದದ್ದರಿಂದ ವಿಂಡ್‌ಸ್ಕ್ರೀನ್ ವಿಚಾರ ಬಂತು. ಗಾಡಿಯ ಮುಂದೆ ಒಂದು ಗ್ಲಾಸು ಹಾಕಿಸಿದರೆ ಗಾಳಿ ಮೇಲೆ ಹೋಗುತ್ತದೆ, ಅವ್ವ ಹಿಂದೆ ಸುಮ್ಮನೆ ಕೂರುತ್ತಾಳೆ, ನಾವು ಮುದ್ದೇಬಿಹಾಳ ಸೇರುತ್ತೇವೆ. ಲೆಕ್ಕ ಇಷ್ಟು ಸರಳವಾಗಿ ಕಂಡಿತು.

ಎಷ್ಟು ಎತ್ತರದ್ದು ಬೇಕು ಎಂಬುದನ್ನು ಮೊದಲು ತಿಳಿದುಕೊಂಡೆ. ಗ್ಲಾಸಿನ ಮೇಲಂಚು ಓಡಿಸುವವರ ಮೂಗಿನ ಮಟ್ಟಕ್ಕಿಂತ ಮೇಲೆ ಬರಬಾರದು, ರಸ್ತೆಯನ್ನು ಅದರ ಮೇಲಿನಿಂದ ನೋಡಬೇಕು, ಅದರೊಳಗಿಂದ ಅಲ್ಲ. ಅಂಗಳದಲ್ಲಿ ಗಾಡಿಯ ಮೇಲೆ ನೆಟ್ಟಗೆ ಕೂತು, ಅಪ್ಪನ ಕೈಗೆ ಟೇಪು ಕೊಟ್ಟು, ಹೆಡ್‌ಲೈಟಿನಿಂದ ಮೂಗಿನ ಮಟ್ಟಕ್ಕೆ ಅಳೆ ಎಂದೆ.

"ಮಂದಿ ಹೊಲ ಮುಗದ್ವೇನು? ಗಾಡಿಗೂ ಹದ್ದುಬಸ್ತು ಸುರು ಮಾಡಿದಿ?"

"ಸುಮ್ಮ ಹಿಡಿಯಪ್ಪಾ. ಅಲಗಾಡಬ್ಯಾಡ."

"ಅಲಗಾಡಾಕತ್ತಿದ್ದು ನಿನ್ನ ಮೂಗು."

ಸಿಂದಗಿಯಲ್ಲಿ ಗಾಡಿ ಸಾಮಾನಿನ ಅಂಗಡಿಯೊಂದಿದೆ. ಅದರ ಮಾಲೀಕರನ್ನು ನಾನು ಚಾಚಾ ಎಂದು ಕರೆಯುತ್ತೇನೆ. ಅವರಿಗೆ ಅಂಗಡಿಯ ಪ್ರತಿ ಸಾಮಾನಿನ ಮೇಲೂ ಹೆತ್ತವರ ಪ್ರೀತಿ. ಬುಧವಾರ ಮೋಜಣಿ ಮುಗಿಸಿ ಅಲ್ಲಿಗೆ ಹೋದಾಗ ಮೊಳೆಗೆ ನೇತುಹಾಕಿದ್ದ ಮೂರು ಗ್ಲಾಸುಗಳನ್ನು ಇಳಿಸಿದರು. ಒಂದು ಗಿಡ್ಡ, ಹೊಗೆ ಬಣ್ಣದ್ದು. ಇನ್ನೊಂದು ನಡುವಿನ ಎತ್ತರದ್ದು, ತಿಳಿಯಾದದ್ದು. ಮೂರನೆಯದೂ ತಿಳಿಯಾದದ್ದೇ, ಆದರೆ ನನ್ನ ತಲೆ ಮುಚ್ಚುವಷ್ಟು ಎತ್ತರ.

"ಹೊಗಿ ಬಣ್ಣದ್ದು ಒಯ್ಯಿ ತಂಗೀ. ಗಾಡಿಗೆ ಕಳಾ ಬರ್ತೈತಿ."

"ಕತ್ತಲ್ಯಾಗ ಕಣ್ಣಿಗೆ ಕತ್ತಲೀನ ಬರ್ತೈತ್ರಿ ಚಾಚಾ. ತಿಳಿದು ಬೇಕು."

"ಹಂಗಾದ್ರ ಈ ದೊಡ್ಡದು. ಇದರ ಹಿಂದ ಕುಂತ್ರ ಮನ್ಯಾಗ ಕುಂತಂಗ. ಕ್ರಾಪ್ ಸುದ್ದಾ ಹಾರಾಂಗಿಲ್ಲ."

"ನನಗ ಕ್ರಾಪ್ ಎಲ್ಲೈತ್ರಿ? ಜಡಿ ಐತಿ."

"ಜಡಿ ಅಂತೂ ಮಿಸುಕಾಡಾಂಗಿಲ್ಲ ಬಿಡು."

ಕೂರುವವಳು ಅವ್ವ, ಅವಳಿಗೂ ತೋರಿಸೋಣ ಎಂದು ವಿಡಿಯೋ ಕಾಲ್ ಮಾಡಿದೆ. ಅವ್ವ ಒಲೆಯ ಮುಂದಿನಿಂದಲೇ ಮಾತಾಡಿದಳು. ನನಗೆ ಗಂಡು ಹುಡುಕುವ ಕೆಲಸ ನಮ್ಮ ಮನೆಯಲ್ಲಿ ಎರಡು ವರ್ಷದಿಂದ ನಡೆದಿತ್ತು, ಹಾಗಾಗಿ ಅವಳ ಬಾಯಿಗೆ ಬೇರೆ ಭಾಷೆಯೇ ಬರುವುದಿಲ್ಲ.

"ಹುಡುಗನ್ನ ನೋಡು ಅಂದ್ರ ಗ್ಲಾಸ್ ನೋಡಾಕ ಹೋಗ್ಯಾಳ. ಹೂಂ, ತೋರಸು. ಹಿಂಬದಿ ಹೊಳ್ಳಸು... ಎತ್ತರ ಐತಿ. ಬಣ್ಣಾನೂ ತಿಳಿ ಐತಿ. ಮನಿತನ ಹೆಂಗೋ?"

ಚಾಚಾ ಫೋನಿನ ಹತ್ತಿರ ಬಾಗಿದರು. "ಮನಿತನ ಭಾಳ ಚಲೋ ಅಕ್ಕಾರ. ಪಾಲಿಕಾರ್ಬೊನೇಟ್. ಲಾರಿ ಗಾಲಿಯಿಂದ ಕಲ್ಲು ಸಿಡದು ಬಡದ್ರೂ ಸೀಳಾಂಗಿಲ್ಲ."

"ನಡತಿ?"

"ನಡತಿ ಹಾದ್ಯಾಗ ನೋಡ್ರಿ. ಪಸಂದ ಬರಲಿಲ್ಲಂದ್ರ ಹೊಳ್ಳಿ ತರ್ರಿ, ಬ್ಯಾರೇದು ಕೊಡ್ತೇನಿ. ಗೀರು ಬಿದ್ದಿರಬಾರದು, ಅಷ್ಟ."

"ಕೇಳಿದೇನ ಹುಡುಗಿ?" ಎಂದಳು ಅವ್ವ. "ಹೊಳ್ಳಿ ಕೊಡಾಕ ಬರ್ತೈತಂತ. ಅಳಿಯಾಗ ಆ ಸವಲತ್ತು ಇಲ್ಲ. ತಗೋ."

ಅಪ್ಪ ಅಳೆದ ಅಳತೆ ನನ್ನ ಕಿಸೆಯಲ್ಲೇ ಇತ್ತು. ಆದರೂ ದೊಡ್ಡದನ್ನೇ ಒಯ್ದೆ. ಅವ್ವನ ಕಿವಿ ನನ್ನ ಮೂಗಿಗಿಂತ ಮುಖ್ಯ, ಎತ್ತರ ಹೆಚ್ಚಿದಷ್ಟೂ ಅವಳಿಗೆ ಒಳ್ಳೆಯದು ಎಂದುಕೊಂಡೆ.

ಇಂಡಿ ರಸ್ತೆಗೆ ಬಿದ್ದಾಗ ಮೊದಮೊದಲು ಖುಷಿಯಾಯಿತು. ಎದೆಗೆ ಗಾಳಿಯೇ ಇಲ್ಲ. ಸ್ವಲ್ಪ ಹೊತ್ತಿಗೆ ಎದುರಿಗೆ ಲಾರಿಯೊಂದು ಬಂತು. ಅದು ದಾಟಿದ ರಭಸಕ್ಕೆ ಗ್ಲಾಸು ಹಾಯಿಯಂತೆ ಉಬ್ಬಿ ಹ್ಯಾಂಡಲನ್ನೇ ಎಳೆಯಿತು. ಹೊತ್ತು ಮುಳುಗಿದ ಮೇಲೆ ಎದುರಿನ ದೀಪಗಳೆಲ್ಲ ಗ್ಲಾಸಿನ ಧೂಳಿನಲ್ಲಿ ಚೆದುರಿ ಒಂದು ದೀಪ ಹತ್ತಾಗಿ ಕಂಡಿತು. ಮೂಗಿನ ಮಟ್ಟದ ನಿಯಮ ಯಾಕೆ ಇದೆ ಎಂದು ಆಗ ತಿಳಿಯಿತು.

ಹಿಂದೆ ಕೂತವರಿಗೆ ಹೇಗಿರುತ್ತದೆ ಎಂದು ನೋಡಲು ಬಸವನ ಬಾಗೇವಾಡಿಯ ಗೆಳತಿಯನ್ನು ಕರೆದೆ. ಅವಳು ಅಲ್ಲಿ ನಕಾಶೆ ಬಿಡಿಸುವ ಕೆಲಸ ಮಾಡುತ್ತಾಳೆ. ಭಾನುವಾರ ಬೆಳಿಗ್ಗೆ ಊರ ಹೊರಗೆ ಹೆದ್ದಾರಿಯಲ್ಲಿ ಅವಳನ್ನು ಕೂರಿಸಿಕೊಂಡು ಹೋಗಿ ಬಂದೆ.

"ಹಿಂದಿನಿಂದ ಯಾರೋ ತಲಿಗೆ ತಟ್ಟಾಕತ್ತಿದ್ರಲೇ," ಎಂದಳು ಇಳಿದು. "ಹೊಳ್ಳಿ ನೋಡಿದ್ರ ಯಾರೂ ಇಲ್ಲ."

ಗಾಳಿ ಕಣ್ಣಿಗೆ ಕಾಣದು ಎಂಬುದೇ ತೊಡಕು. ಕಾಣುವ ಹಾಗೆ ಮಾಡಬೇಕಿತ್ತು. ಆ ವಾರ ಅವ್ವನ ಹೊಲಿಗೆ ಡಬ್ಬಿಯಿಂದ ಗೊಂಡೆಯ ಕೆಂಪು ದಾರ ತೆಗೆದು ಬೆರಳುದ್ದ ತುಂಡು ಮಾಡಿದೆ. ಗ್ಲಾಸಿನ ಅಂಚಿಗೆ ಸಾಲಾಗಿ, ನನ್ನ ಭುಜಕ್ಕೆ, ಎರಡೂ ಹೆಲ್ಮೆಟ್ಟಿಗೆ ಅಂಟುಪಟ್ಟಿಯಿಂದ ಹಚ್ಚಿದೆ. ದಾರ ಎತ್ತ ಬಾಗುತ್ತದೋ ಗಾಳಿ ಅತ್ತ. ಗೆಳತಿಯ ಅಣ್ಣ ಇನ್ನೊಂದು ಗಾಡಿಯಲ್ಲಿ ಪಕ್ಕಕ್ಕೆ ಬಂದ, ಅವನ ಹಿಂದೆ ಕೂತವನೊಬ್ಬ ಮೊಬೈಲಿನಲ್ಲಿ ತೆಗೆದ. ಗ್ಲಾಸಿನ ಅಂಚಿನ ದಾರಗಳು ಆಕಾಶಕ್ಕೆ ಎದ್ದು ನಿಂತಿದ್ದವು. ಗೆಳತಿಯ ಹೆಲ್ಮೆಟ್ಟಿನ ದಾರಗಳು ಹಿಂದಕ್ಕೆ ಹಾರುವ ಬದಲು ಮುಂದಕ್ಕೆ ಹಾರುತ್ತಿದ್ದವು. ಎತ್ತರದ ಗ್ಲಾಸು ಗಾಳಿಯನ್ನು ತಡೆದು ತನ್ನ ಹಿಂದೆ ಖಾಲಿ ಜಾಗ ಮಾಡಿತ್ತು. ಆ ಖಾಲಿ ಜಾಗಕ್ಕೆ ಗಾಳಿ ಹಿಂಬಾಗಿಲಿನಿಂದ ನುಗ್ಗಿ ಬರುತ್ತಿತ್ತು.

ರಸ್ತೆ ಬದಿಯ ಹೋಟೆಲ್ ಮುಂದೆ ಚಹಾಕ್ಕೆ ನಿಂತಾಗ ಪಟಕಾ ಸುತ್ತಿದ ಅಜ್ಜ ಒಬ್ಬ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದ.

"ಇದು ಯಾವ ದೇವರ ಹರಕಿ ತಂಗೀ?"

"ಹರಕಿ ಅಲ್ಲ ಯಜ್ಜಾ, ಗಾಳಿ ಸಲುವಾಗಿ ಕಟ್ಟೇನಿ."

ಅಜ್ಜನ ಮುಖ ಗಂಭೀರವಾಯಿತು. "ಗಾಳಿ ಬಡದೈತೇನು ಗಾಡಿಗೆ? ಎಲ್ಲಿ ಬಡೀತು?"

"ದೇವರ ಹಿಪ್ಪರಗಿ ಹಾದ್ಯಾಗ," ಎಂದು ಗೆಳತಿ ಚಹಾದ ಲೋಟದೊಳಗೆ ಹೇಳಿದಳು.

"ಹಂಗಾದ್ರ ದಾರದಿಂದ ಹೋಗಾಂಗಿಲ್ಲ ಅದು. ನಿಂಬಿಹಣ್ಣು ನೀವಾಳಿಸಿ ಒಗೀಬೇಕು. ಯಾವೂರು ನಿಂದು?"

"ಇಂಡಿ ರೀ."

"ಇಂಡ್ಯಾವರಾಗಿ ನಿಂಬಿಹಣ್ಣಿಗೆ ಬರ ಏನವಾ ನಿಮಗ!"

ಅಜ್ಜ ಕಿಸೆಯಿಂದ ವಿಭೂತಿ ತೆಗೆದು ಹೆಡ್‌ಲೈಟಿಗೆ ಮೂರು ಬೆರಳಿನಲ್ಲಿ ಎಳೆದ, ಗಾಡಿಗೆ ಕೈಮುಗಿದು ಹೋದ. ನನಗೆ ನಗಲು ಧೈರ್ಯ ಬರಲಿಲ್ಲ. ಗಾಳಿ ಎಂದರೆ ಬೀಸುವುದೂ ಹೌದು, ಮೈಮೇಲೆ ಬರುವುದೂ ಹೌದು. ತಪ್ಪು ಅಜ್ಜನದಲ್ಲ, ಕೆಂಪು ದಾರ ಕಟ್ಟಿಕೊಂಡು ಊರೂರು ತಿರುಗಿದವಳದು.

ಸಿಂದಗಿಗೆ ಹೋಗಿ ದೊಡ್ಡದನ್ನು ಕೊಟ್ಟು ನಡುವಿನದನ್ನು ತಂದೆ. ಅದರ ಮೇಲಂಚು ಅಪ್ಪ ಅಳೆದ ಮೂಗಿಗಿಂತ ಬೆರಳಷ್ಟು ಕೆಳಗೆ ಬಂತು. ಗ್ಲಾಸು ಹಿಡಿಯುವ ಕ್ಲಾಂಪಿನ ಕೆಳಗೆ ವಾಶರ್ ಕೊಟ್ಟು ಮೂಗಿನ ಮಟ್ಟಕ್ಕೆ ಎತ್ತರಿಸಿ, ಗ್ಲಾಸಿಗೂ ಹೆಡ್‌ಲೈಟಿಗೂ ನಡುವೆ ಸಂದು ಬಿಟ್ಟೆ. ಆ ಸಂದಿನಿಂದ ಸ್ವಲ್ಪ ಗಾಳಿ ಒಳಗೆ ಬಂದರೆ ಹಿಂದಿನ ಖಾಲಿ ತುಂಬುತ್ತದೆ, ಸೆಳೆತ ಹೋಗುತ್ತದೆ. ಚಾಚಾಗೆ ಇದು ಒಪ್ಪಿಗೆಯಾಗಲಿಲ್ಲ. "ಗಾಳಿ ತಡಿಯಾಕ ಗ್ಲಾಸ್ ಒಯ್ದು, ಮತ್ತ ಗಾಳಿಗೆ ಬಾಗಿಲಾ ಇಡ್ತಿ?" ಎಂದರು. ಆದರೆ ಇದರ ಅಂಚಿಗೂ ಹಚ್ಚಿದ ದಾರಗಳು ಒಪ್ಪಿದವು. ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ ಎಲ್ಲವೂ ಸಾಪಾಗಿ ಹಿಂದಕ್ಕೆ ಮಲಗಿದವು. ಗೆಳತಿ ಬಾಗೇವಾಡಿಯಲ್ಲಿ ಇಳಿದು, "ನಿನ್ನ ಕಿಸೆಯಾಗ ಫೋನ್ ಹೊಡಕೊಂಡಿದ್ದು ನನಗ ಕೇಳಿಸ್ತು" ಎಂದಳು. ಅಂದು ರಾತ್ರಿ ದಿನಚರಿಯಲ್ಲಿ ದೊಡ್ಡ ಅಕ್ಷರದಲ್ಲಿ "ಆಯ್ಕೆ ಮುಗಿಯಿತು" ಎಂದು ಬರೆದೆ.

ಮರುದಿನ ಅವ್ವನನ್ನು ಕೂರಿಸಿಕೊಂಡು ಸಾಲೋಟಗಿ ತನಕ ಹೋದೆ. ಹತ್ತಿರದ ಊರು, ಪರೀಕ್ಷೆಗೆ ಅಷ್ಟು ಸಾಕು. ಅವ್ವ ಒಳ್ಳೆಯ ಸೀರೆ ಉಟ್ಟಿದ್ದಳು. ಎಂದಿನಂತೆ ಎರಡೂ ಕಾಲು ಎಡಕ್ಕೆ ಇಳಿಬಿಟ್ಟು, ಬಲಗೈ ನನ್ನ ಭುಜದ ಮೇಲಿಟ್ಟು ಕೂತಳು. ಸಾಲೋಟಗಿಯಲ್ಲಿ ನಿಲ್ಲಿಸಿ, ಹೆಮ್ಮೆಯಿಂದಲೇ ಕೇಳಿದೆ:

"ಗಿರಣಿ ಬಂದಾತೇನು?"

ಅವ್ವ ಹೆಲ್ಮೆಟ್ ತೆಗೆಯುತ್ತ ನನ್ನ ಮುಖ ನೋಡಿದಳು. ಸುಳ್ಳು ಹೇಳಬೇಕೋ ಬೇಡವೋ ಎಂದು ಯೋಚಿಸಿದ್ದು ಕಂಡಿತು.

"ಬಂದಾಗಿಲ್ಲವಾ. ಸಣ್ಣಹಿಟ್ಟು ಬೀಸಾಕತ್ತೈತಿ."

ಮನೆಗೆ ಬಂದ ಮೇಲೆ ನಾನು ಗ್ಲಾಸನ್ನು ಒದ್ದೆ ಬಟ್ಟೆಯಿಂದ ಒರೆಸುತ್ತ ಕೂತೆ. ಒಣ ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ, ಅದನ್ನು ಆಗಲೇ ಕಲಿತಿದ್ದೆ. ಇನ್ನೇನು ಕಲಿಯುವುದು ಬಾಕಿ ಇದೆ ಎಂಬುದು ತಿಳಿಯುತ್ತಿರಲಿಲ್ಲ. ತೊಟ್ಟಿಲ ಕಾರ್ಯ ಆ ವಾರದ ಕೊನೆಗೇ ಇತ್ತು. ಒಳಗೆ ಹೋದಾಗ ನನ್ನ ಟೇಪಿನ ಚೀಲದ ಮೇಲೆ ಹಳೆಯ ಪಂಚೆಯಲ್ಲಿ ಸುತ್ತಿದ ಕುಂಚಿಗಿ ಇತ್ತು.

"ನೀನ ಒಯ್ದು ಹಾಕಿ ಬಾ," ಎಂದಳು ಅವ್ವ, ರೊಟ್ಟಿಯಿಂದ ಕಣ್ಣೆತ್ತದೆ. "ನಿನ್ನ ಕೈ ಅಂದ್ರ ನನ್ನ ಕೈಯ ಅಲ್ಲೇನು. ನಿನ್ನ ಅಕ್ಕಗ ನಾ ಹೇಳ್ತೇನಿ."

"ಇನ್ನ ದಿನ ಅದಾವ ಯವ್ವಾ."

"ದಿನ ಅದಾವ. ಗೊಂಡೆ ದಾರ ಎಲ್ಲಿ ಹೋತು ಅಂತ ಅದನ್ನರ ಹೇಳು ಮೊದಲ."

ದಾರ ಎಲ್ಲಿ ಹೋಯಿತೆಂದು ಹೇಳಿದೆ. ಕೂಸಿನ ಗೊಂಡೆ ಗಾಡಿಗೆ ಕಟ್ಟಿದ್ದಕ್ಕೆ ಅವಳು ಬೈದಳು. ಬೈಗುಳ ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು. ರೊಟ್ಟಿ ಬಡಿಯುತ್ತ ಸುಮ್ಮನಿದ್ದ ಅವ್ವನಿಗಿಂತ ಬೈಯುವ ಅವ್ವ ಎಷ್ಟೋ ಮೇಲು.

ಬೆಳಿಗ್ಗೆ ಎದ್ದು ಅಪ್ಪನಿಗೆ ಗಾಡಿ ಓಡಿಸಲು ಹೇಳಿ ನಾನು ಹಿಂದೆ ಕೂತೆ. ಹೆದ್ದಾರಿಗೆ ಹೋದರೂ ಅಪ್ಪ ನಿಂಬೆಯ ಮೂಟೆ ಹೇರಿದವನಂತೆ ಓಡಿಸಿದ.

"ಜೋರಾಗಿ ಹೊಡಿಯಪ್ಪಾ!"

"ಯಾಕ, ಸರ್ವೆ ನಂಬರ್ ಓಡಿ ಹೊಂಟೈತೇನು?"

ಕೊನೆಗೆ ವೇಗ ಏರಿತು. ಗಿರಣಿ ಇಲ್ಲ. ಸಣ್ಣಹಿಟ್ಟೂ ಇಲ್ಲ. ಅಪ್ಪ ಗುನುಗುವುದು ಕೂಡ ಕೇಳಿಸುತ್ತಿತ್ತು. ಹಾಗಾದರೆ ಅವ್ವನ ಕಿವಿಗೆ ಡಾಕ್ಟರೇ ಬೇಕೇನೋ ಎಂದು ಹೆದರಿಕೆಯಾಯಿತು. ತಿರುವಿನಲ್ಲಿ ಅಪ್ಪನ ಸೊಂಟ ಹಿಡಿದುಕೊಂಡೆ, ಎರಡೂ ಕೈಯಿಂದ. ಆಗ ನೆನಪಾಯಿತು: ಅವ್ವ ನನ್ನನ್ನು ಹಿಡಿಯುವುದು ಒಂದೇ ಕೈಯಿಂದ. ಬಲಗೈಯಿಂದ.

ಗಾಡಿ ನಿಲ್ಲಿಸಲು ಹೇಳಿ ಅವಳಂತೆ ಕೂತೆ. ಎರಡೂ ಕಾಲು ಎಡಕ್ಕೆ, ಬಲಗೈ ಅಪ್ಪನ ಭುಜಕ್ಕೆ. ವೇಗ ಏರಿದ ತಕ್ಷಣ ಅದು ಶುರುವಾಯಿತು. ಪಕ್ಕಕ್ಕೆ ಕೂತವರ ತಲೆ ಮುಂದಿನವರ ಬೆನ್ನಿನ ಮರೆಯಲ್ಲಿ ಇರುವುದಿಲ್ಲ, ಎಡಕ್ಕೆ ಹೊರಗೆ ಬಂದಿರುತ್ತದೆ. ಬಲಗಿವಿ ನೇರ ರಸ್ತೆಗೆ ಬಾಯ್ತೆರೆದು ಕೂತಿರುತ್ತದೆ. ಗ್ಲಾಸಿನ ಪಕ್ಕದಿಂದ ಜಾರಿ ಬಂದ ಗಾಳಿ ಪೂರ್ತಿ ಅದರೊಳಗೇ ಸುರಿಯುತ್ತದೆ.

"ಅಪ್ಪಾ, ಗಿರಣಿ ಸಿಕ್ತು!" ಎಂದು ಕೂಗಿದೆ.

ಅಪ್ಪ ಗಾಬರಿಯಾಗಿ ಬ್ರೇಕ್ ಹಾಕಿದ. "ಬಿದ್ದೇನ? ಎಲ್ಲಿ ಬಿದ್ದಿ?"

ಬಲಗಿವಿ ಎಂದು ಅವ್ವ ಮೊದಲ ದಿನವೇ ಹೇಳಿದ್ದಳು. ನಾನು ಪ್ಯಾಂಟು ಹಾಕುವ ಗೆಳತಿಯನ್ನು ಗಂಡು ಹುಡುಗರಂತೆ ಕೂರಿಸಿಕೊಂಡು ಸೀರೆ ಉಡುವ ಅವ್ವನಿಗೆ ಗ್ಲಾಸು ಆರಿಸಿದ್ದೆ.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. "ನೀ ಹಂಗ ಕುಂತ್ರ ಗಾಳಿ ತಡಿಯಾಕ ಬಾಗಿಲದಷ್ಟ ಅಗಲದ ಗ್ಲಾಸ್ ಬೇಕು. ನನ್ನ ಗೆಳತಿಯಂಗ ಕುಂತ್ರ ಈಗಿಂದ ಸಾಕು."

"ಸೀರಿ ಉಟ್ಟು ಎರಡೂ ಕಡೆ ಕಾಲ ಹಾಕಿ ಬೀಗರ ಊರಿಗೆ ಹೋಗಲೇನು? ಮೊದಲ ಹೆಂಗ ಕುಂಡ್ರಲಿ?"

ಅವ್ವ ಒಳಗೆ ಹೋದಳು. ಸಿಟ್ಟಾದಳೆಂದುಕೊಂಡೆ. ಸ್ವಲ್ಪ ಹೊತ್ತಿಗೆ ಹೊರಗೆ ಬಂದಾಗ ಅವಳು ಸೀರೆಯನ್ನು ಕಚ್ಚೆ ಹಾಕಿ ಉಟ್ಟಿದ್ದಳು, ತೊಗರಿ ಕೊಯ್ಯಲು ಹೊಲಕ್ಕೆ ಇಳಿಯುವಾಗ ಉಡುವ ಹಾಗೆ.

"ಇಷ್ಟ ವರ್ಷ ಹೊಲದಾಗ ಹಿಂಗ ನಿಂತೇನಿ. ಗಾಡಿ ಮ್ಯಾಲ ಹಿಂಗ ಕುಂತ್ರ ಏನಾಕ್ಕೈತಿ?" ಎಂದಳು. ಆಮೇಲೆ ಬೆರಳೆತ್ತಿ, "ಆದ್ರ ಮುದ್ದೇಬಿಹಾಳ ಬರೂದ್ರಾಗ ನೆನಪಿಲೆ ಇಳಸಬೇಕು. ಕಚ್ಚಿ ಬಿಚ್ಚಿ, ಹೆಂಗಸರಂಗ ಕುಂತು ಊರು ಹೊಗೂದು. ತಿಳೀತಿಲ್ಲ?"

ತಿಳಿಯಿತು ಎಂದೆ.

ಹೊರಟ ದಿನವೂ ಮೂಡಗಾಳಿ ಇತ್ತು. ಇಂಡಿ ದಾಟುತ್ತಿದ್ದಂತೆ ನಾನು ಹಿಂದಿನಿಂದ ಬರುವ ಮಾತಿಗೆ ಕಾದೆ. ಗಿರಣಿಯ ದೂರು ಬರಲಿಲ್ಲ. ಬದಲಿಗೆ, ಪಡಸಾಲೆಯಲ್ಲಿ ಪಕ್ಕಕ್ಕೆ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಅವ್ವನ ದನಿ ಬಂತು.

"ಚಡಚಣದ ಕಡೆ ಒಬ್ಬ ಹುಡುಗ ಅದಾನಂತ. ಸಾಲಿ ಮಾಸ್ತರ."

ಈ ಪರಿಣಾಮವನ್ನು ನಾನು ಲೆಕ್ಕ ಹಾಕಿರಲಿಲ್ಲ. ಎರಡು ವರ್ಷದಿಂದ ಗಾಡಿಯ ಮೇಲೆ ನನಗಿದ್ದ ದೊಡ್ಡ ರಕ್ಷಣೆ ಗಾಳಿಯ ಸದ್ದು. ಅದನ್ನು ದಾರ ಕಟ್ಟಿ, ವಾಶರ್ ಕೊಟ್ಟು, ನನ್ನ ಕೈಯಾರೆ ತೆಗೆದುಹಾಕಿದ್ದೆ. ಸಿಂದಗಿ ಬರುವುದರೊಳಗೆ ಮೂರು ವರಗಳಾದವು. ಒಬ್ಬ ಮಾಸ್ತರ, ಒಬ್ಬ ಗೊಬ್ಬರದ ಅಂಗಡಿಯವ, ಇನ್ನೊಬ್ಬ ಏನು ಮಾಡುತ್ತಾನೋ ಗೊತ್ತಿಲ್ಲ, ಎತ್ತರ ಇದ್ದಾನಂತೆ. "ಎತ್ತರ ಇದ್ದದ್ದು ಹೊಳ್ಳಿ ಕೊಟ್ಟು ಬಂದೇನಿ ಯವ್ವಾ" ಎಂದೆ. ಅವಳಿಗೆ ಅದೂ ಕೇಳಿಸಿತು. ಬೆನ್ನಿಗೆ ಒಂದು ಗುದ್ದಿದಳು.

ಸಿಂದಗಿಯಲ್ಲಿ ಚಾಚಾ ಅಂಗಡಿಯ ಕಟ್ಟೆಯಿಂದಲೇ ಕೂಗಿದರು. "ನಡತಿ ಹೆಂಗೈತ್ರಿ ಅಕ್ಕಾರ?"

"ಚಲೋ ಐತ್ರಿ. ಬಾಯಿ ಸತ್ತದ್ದು, ಎದುರಾಡೂದಿಲ್ಲ."

ದೇವರ ಹಿಪ್ಪರಗಿಯಲ್ಲಿ ಅದೇ ಬಸ್ ನಿಲ್ದಾಣದ ಎದುರು ನಾನು ಬೇಕೆಂದೇ ನಿಲ್ಲಿಸಿದೆ. ಅವ್ವ ಹೆಲ್ಮೆಟ್ ತೆಗೆದು, ಬಲಗಿವಿಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಕೇಳಿಸಿಕೊಂಡಳು.

"ಕರೆಂಟ್ ಹೋಗೈತಿ ಗಿರಣಿದು," ಎಂದಳು. ಇಬ್ಬರೂ ಎರಡೆರಡು ಮಿರ್ಚಿ ತಿಂದೆವು.

ಬಾಗೇವಾಡಿ ದಾಟಿದ ಮೇಲೆ ದಾರಿ ಹೋದದ್ದೇ ತಿಳಿಯಲಿಲ್ಲ. ಊರಿಗೆ ಮೊದಲು ಪೆಟ್ರೋಲ್ ಪಂಪಿನ ಹತ್ತಿರ ಇಳಿಸಬೇಕೆಂದು ಗುರುತು ಮಾಡಿಟ್ಟುಕೊಂಡಿದ್ದೆ. ಆದರೆ ಆ 'ಎತ್ತರದ' ಹುಡುಗನ ಚಿಕ್ಕಪ್ಪ ನಮಗೆ ಹೇಗೆ ಸಂಬಂಧವಾಗಬೇಕು ಎಂಬುದನ್ನು ಅವ್ವ ಬಿಡಿಸಿ ಹೇಳುತ್ತಿದ್ದಳು. ಅದು ಸಂಬಂಧವೇ ಅಲ್ಲ ಎಂದು ನಾನು ವಾದಿಸುತ್ತಿದ್ದೆ. ಪಂಪು ಯಾವಾಗ ಹೋಯಿತೋ ಇಬ್ಬರಿಗೂ ಗೊತ್ತಿಲ್ಲ. ವಾದ ಮುಗಿದಾಗ ಅಕ್ಕನ ಮನೆಯ ಬಾಗಿಲಿನಲ್ಲಿದ್ದೆವು.

ಅಕ್ಕನ ಅತ್ತೆ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ನಿಂತಿದ್ದರು. ಅವ್ವ ಹೆಲ್ಮೆಟ್ ಹಾಕಿಕೊಂಡು, ಕಚ್ಚೆ ಕಟ್ಟಿ, ಗಾಡಿಯ ಎರಡೂ ಕಡೆ ಕಾಲು ಹಾಕಿ ಕೂತಿದ್ದಳು. ನನ್ನ ಭುಜದ ಮೇಲೆ ಅವಳ ಬೆರಳು ಬಿಗಿಯಾದವು.

"ಪಂಪು?" ಎಂದು ಪಿಸುಗುಟ್ಟಿದಳು.

"ಹೋತು ಯವ್ವಾ."

ಬೀಗತಿ ಮೇಲಿಂದ ಕೆಳಗೆ ನೋಡಿದರು. "ಏನ್ರಿ ಬೀಗತಿ, ಹೊಲದಿಂದ ಸೀದಾ ಬಂದ್ರೇನು?"

ಅವ್ವ ಇಳಿದು, ನೆಟ್ಟಗೆ ನಿಂತು ಹೇಳಿದಳು: "ಹೌದ್ರಿ. ಸುಗ್ಗಿ ನಿಮ್ಮ ಮನ್ಯಾಗ ಐತಿ ಅಂತ ಸುದ್ದಿ ಬಂತು."

ಒಳಗಿನಿಂದ ಅಕ್ಕ ನಕ್ಕ ಸದ್ದು ಕೇಳಿಸಿತು. ನಗುತ್ತ ನಗುತ್ತ ಅದು ಅಳುವಾದದ್ದೂ ಕೇಳಿಸಿತು. ಅವ್ವ ಕಾಲು ತೊಳೆದುಕೊಂಡು ಕಚ್ಚೆಯಲ್ಲೇ ಒಳಗೆ ನಡೆದಳು. ಬಿಚ್ಚುವುದು ಅವಳಿಗೆ ಮರೆತೇ ಹೋಗಿತ್ತು.

ಸಂಜೆ ತೊಟ್ಟಿಲಿನ ಮುಂದೆ ಕುಂಚಿಗಿ ಬಿಚ್ಚಿದಾಗ ಅಕ್ಕ ಅದನ್ನು ತಿರುಗಿಸಿ ನೋಡಿದಳು. "ಇದೇನ ಯವ್ವಾ, ಗೊಂಡೆ ಒಂದ ಐತಿ?"

"ಉಳಿದದ್ದು ನಿನ್ನ ತಂಗಿ ಗಾಡಿಗೆ ಕಟ್ಟ್ಯಾಳ. ಗಾಡಿಗೂ ಒಂದು ಕುಂಚಿಗಿ ಬೇಕಾಗಿತ್ತಂತ."

ನಾನು ಹೊರಗೆ ಹೋಗಿ ಗ್ಲಾಸಿನ ಅಂಚಿನಲ್ಲಿ ಇನ್ನೂ ಉಳಿದಿದ್ದ ಕೆಂಪು ದಾರಗಳನ್ನು ಬಿಡಿಸಿಕೊಂಡು ಬಂದೆ. ಅವ್ವ ಅವನ್ನು ತೊಡೆಯ ಮೇಲೆ ಹೊಸೆದು ಇನ್ನೊಂದು ಗೊಂಡೆ ಮಾಡಿದಳು, ಸ್ವಲ್ಪ ಗಿಡ್ಡ, ಸ್ವಲ್ಪ ಧೂಳಿನದು. ಕೂಸಿನ ತಲೆಗೆ ಕುಂಚಿಗಿ ಹಾಕಿ, ಬಲಗಿವಿಯ ಮೇಲೆ ಬಟ್ಟೆ ಸರಿಯಾಗಿ ಬಂದಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿದಳು. ಆಮೇಲೆ ಎಡಗಿವಿ ನೋಡಿದಳು.

ಮರುದಿನ ಬೆಳಿಗ್ಗೆ ನಾನು ಗಾಡಿ ಒರೆಸುತ್ತಿದ್ದಾಗ ಅಕ್ಕನ ಅತ್ತೆ ಹಿತ್ತಲಿನಿಂದ ಬಂದರು. ಕಚ್ಚೆ ಹಾಕಿದ್ದರು.

"ನಾಲತವಾಡಕ್ಕ ನನ್ನ ತಂಗಿ ಮನಿಗೆ ಒಂದು ಸರೆ ಹೋಗಿ ಬರೂಣೇನವಾ? ಬಸ್ಸು ಅಂದ್ರ ನನಗೂ ಆಗಿ ಬರೂದಿಲ್ಲ. ಯಾರ ಮುಂದೂ ಹೇಳಿಲ್ಲ ಇಷ್ಟ ದಿವಸ."

ಅವರಿಗೆ ಅವ್ವನ ಹೆಲ್ಮೆಟ್ ಸರಿಯಾಗಿ ಕೂತಿತು. ಊರು ದಾಟಿ ವೇಗ ಏರಿಸಿದೆ. ಗ್ಲಾಸು ತನ್ನ ಕೆಲಸ ಮಾಡಿತು, ಒಂದಿಷ್ಟೂ ಸದ್ದಿಲ್ಲ.

"ಭಾರಿ ಆರಾಮ ಐತಲ್ಲವಾ," ಎಂದರು ಅವರು ಹಿಂದಿನಿಂದ. ಆಮೇಲೆ ಅದೇ ಸ್ಪಷ್ಟ ದನಿಯಲ್ಲಿ, "ನನ್ನ ತಂಗಿಗೊಬ್ಬ ಮಗ ಅದಾನ, ಗೊತ್ತೈತೇನು ನಿನಗ?" ಎಂದರು.